ಸೂಗಮ್ಮನ ಮೂರನೆಯ ಪ್ರಶ್ನೆ

ಮಗನಿಗೆ ಕನ್ಯೆ ನೋಡಲು ಹೋದ ಮನೆಯಲ್ಲಿ ಸೂಗಮ್ಮ ಮೂರೇ ಮೂರು ಪ್ರಶ್ನೆ ಕೇಳುತ್ತಿದ್ದಳು. ಹುಡುಗಿ ಒಲೆ ಮುಂದೆ ಕೂತರೆ ಎಷ್ಟು ರೊಟ್ಟಿಗೆ ಸುಸ್ತಾಗುತ್ತಾಳೆ? ಸಿಟ್ಟು ಬಂದರೆ ಅಳುತ್ತಾಳೋ, ಮಾತು ಬಿಡುತ್ತಾಳೋ? ಹುಡುಗಿಗೆ ಓದುಬರಹ ಏನಾದರೂ ಬರುತ್ತದೋ? ಮೊದಲೆರಡಕ್ಕೆ ಉತ್ತರ ಹೇಗೇ ಬಂದರೂ ಅವಳದೇನೂ ತಕರಾರಿರಲಿಲ್ಲ. ಮೂರನೆಯದಕ್ಕೆ "ಸ್ವಲ್ಪ ಬರ್ತದ್ರಿ" ಎಂದರೆ ಮಾತ್ರ ಮುಂದಿಟ್ಟ ಚುರುಮುರಿ ಸುಸಲಾದ ತಾಟನ್ನು ಹಾಗೇ ಸರಿಸಿ ಎದ್ದುಬಿಡುತ್ತಿದ್ದಳು. ಅವಳ ಮೈದುನನ ಸೊಸೆಯೊಬ್ಬಳು ನಾಲ್ಕಕ್ಷರ ಬಲ್ಲವಳು. ವಾರಕ್ಕೊಂದು ಕಾಗದ ತವರಿಗೆ ಬರೆದು, ಅತ್ತೆ ಯಾವ ದಿನ ತುಪ್ಪ ಮುಚ್ಚಿಟ್ಟಳು ಎಂಬುದನ್ನೂ ಬಿಡದೆ ತಿಳಿಸಿದ್ದಳು. ಅಂಥ ಸೊಸೆ ತನಗೆ ಬೇಡವೆಂದು ಸೂಗಮ್ಮ ಅಂದೇ ತೀರ್ಮಾನಿಸಿದ್ದಳು. ಈ ಒಂದು ಪ್ರಶ್ನೆಯ ದೆಸೆಯಿಂದ ಏಳು ಮನೆಯಲ್ಲಿ ಸುಸಲಾ ಬಿಟ್ಟು ಎದ್ದು ಬಂದಿದ್ದಳು.

ಎಂಟನೆಯ ಮನೆ ಕೋಟನೂರದ ಸಾಯಬಣ್ಣನದು. ಸಾಯಬಣ್ಣ ಕಲಬುರಗಿ ಕಚೇರಿಯಲ್ಲಿ ಕಾಗದಪತ್ರದ ನಕಲು ಬರೆಯುವವನು, ಕಣ್ಣು ಮಂಜು. ಮೂರನೆಯ ಪ್ರಶ್ನೆಗೆ ಅವನ ಹೆಂಡತಿ ತಡಮಾಡದೆ ಉತ್ತರ ಕೊಟ್ಟಳು: "ಓದೇನ್ರಿ ಯವ್ವಾ! ನಮ್ಮ ಶಂಕ್ರಮ್ಮಗ ರೊಟ್ಟಿ ಬಡಿಯೂದು ಬಿಟ್ರ ಮತ್ತೇನೂ ಬರಂಗಿಲ್ಲ." ಪಕ್ಕದಲ್ಲಿದ್ದ ಸಾಯಬಣ್ಣನಿಗೆ ಆಗಲೇ ಜೋರು ಕೆಮ್ಮು ಬಂತು. ಸೂಗಮ್ಮ ಅದನ್ನು ಬರೀ ಕೆಮ್ಮೆಂದೇ ತಿಳಿದು ಸುಸಲಾ ಮುಗಿಸಿದಳು, ಇನ್ನೊಂದು ಹಿಡಿ ಹಾಕಿಸಿಕೊಂಡಳು.

ವರ ಅಣವೀರಪ್ಪ ಆಗ ಮುಂಬಯಿಯಲ್ಲಿ ಓದುತ್ತಿದ್ದ. ಅವನನ್ನು ವಕೀಲನನ್ನಾಗಿ ಮಾಡುವುದು ತಂದೆ ಕಲ್ಯಾಣಪ್ಪನ ಹಟ. ಕಲ್ಯಾಣಪ್ಪನದು ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ. ತೋಟದ ನೀರಿನ ಪಾಳಿಗಾಗಿ ಹಿಂದೊಮ್ಮೆ ಕಚೇರಿ ಹತ್ತಿ, ವಕೀಲರೊಬ್ಬರ ಕಟ್ಟೆಯ ಮೇಲೆ ಹದಿನಾರು ದಿನ ಚಪ್ಪಲಿ ಕೈಯಲ್ಲಿ ಹಿಡಿದು ಕಾದಿದ್ದ. ಅಂದಿನಿಂದ ಮನೆಯಲ್ಲೇ ಒಬ್ಬ ವಕೀಲ ಬೇಕು ಎಂದು ಅವನ ತಲೆಯಲ್ಲಿ ಕೂತಿತ್ತು. ಹನ್ನೊಂದು ವರ್ಷದ ಮಗನನ್ನು ಸೊಲ್ಲಾಪುರದ ಸೋದರಮಾವನ ಮನೆಗೆ ಬಿಟ್ಟ. ಅಲ್ಲಿ ಮರಾಠಿ, ಇಂಗ್ಲಿಷು. ಆಮೇಲೆ ಮುಂಬಯಿಯ ದೊಡ್ಡ ಲಾ ಕಾಲೇಜು. ಅಲ್ಲಿ ಕಲಿತವರು ಹೈಕೋರ್ಟಿನ ಜಡ್ಜರಾಗುತ್ತಾರೆ, ವಿಲಾಯತಿಗೆ ಹೋಗಿ ಬ್ಯಾರಿಸ್ಟರಾಗುತ್ತಾರೆ, ಸಂಸ್ಥಾನಗಳಿಗೆ ದಿವಾನರಾಗುತ್ತಾರೆ ಎಂದು ಕಲ್ಯಾಣಪ್ಪ ಸಂತೆಯಲ್ಲಿ ಬಾಳೆಗೊನೆ ಕೊಳ್ಳಲು ಬಂದವರಿಗೆಲ್ಲ ಹೇಳಿದ್ದ. ಅಣವೀರಪ್ಪ ರೋಮನ್ ಕಾನೂನಿನಲ್ಲಿ ಇಡೀ ಕಾಲೇಜಿಗೆ ಎರಡನೆಯವನಾಗಿ ಪಾಸಾದ.

ಎಲ್ಲ ಯೋಚನೆ ಮಾಡಿದವರಿಗೆ ಒಂದೇ ಒಂದು ಮಾತು ಹೊಳೆದಿರಲಿಲ್ಲ. ಕಲಬುರಗಿಯನ್ನಾಳುವ ನಿಜಾಮರ ಕಚೇರಿಯಲ್ಲಿ ಜಡ್ಜಿನಿಂದ ಜವಾನನವರೆಗೆ ವ್ಯವಹಾರವೆಲ್ಲ ಉರ್ದುವಿನಲ್ಲಿ. ಹದಿನಾಲ್ಕು ವರ್ಷ ಊರುಬಿಟ್ಟು ಓದಿದ ಹುಡುಗನಿಗೆ ಉರ್ದುವಿನಲ್ಲಿ ಟಾಂಗಾದವನ ಜೊತೆ ಜಗಳಾಡುವಷ್ಟು ಮಾತು ಬರುತ್ತಿತ್ತೇ ಹೊರತು, ಒಂದು ಫಿರ್ಯಾದಿ ಅರ್ಜಿ ಓದಲು ಬರುತ್ತಿರಲಿಲ್ಲ. ಅದು ಬಾರದವನಿಗೆ ಇಲ್ಲಿ ವಕೀಲಿ ಮಾಡುವ ಸನದು ಸಿಗುವುದಿಲ್ಲ.

ಮಗ ಬರುತ್ತಾನೆಂದು ಕಲ್ಯಾಣಪ್ಪ ಕಲಬುರಗಿಯ ಜಗತ್ ಎಂಬ ಓಣಿಯಲ್ಲಿ ಮನೆ ಹಿಡಿದಿದ್ದ. ಸೂಗಮ್ಮ, ಸೊಸೆ ಶಂಕ್ರಮ್ಮ, ಮಗಳು ಶಾರದಾಬಾಯಿ ಅಲ್ಲಿಗೇ ಬಂದು ಒಲೆ ಹೂಡಿದರು. ಬಾಗಿಲಿಗೆ ಮುಂಬಯಿಯಿಂದ ಬರೆಸಿ ತಂದ ಹಲಗೆ ತೂಗಿತು. ಕಕ್ಷಿದಾರರು ಬರುವರು, ಹಲಗೆಯ ಇಂಗ್ಲಿಷ್ ಅಕ್ಷರಗಳನ್ನು ಕತ್ತೆತ್ತಿ ನೋಡುವರು, ಪಕ್ಕದ ಇಮಾಮುದ್ದೀನ್ ವಕೀಲರ ಮನೆಗೆ ಹೋಗುವರು. ಇಮಾಮುದ್ದೀನ್ ಮುಂಬಯಿಯನ್ನು ಕಣ್ಣಿನಿಂದ ಕಂಡವರಲ್ಲ; ಹೈದರಾಬಾದಿನಲ್ಲೇ ಕಾನೂನು ಓದಿ ಸನದು ಪಡೆದವರು. ಅವರ ಕಟ್ಟೆಯ ಮೇಲೆ ಬೆಳಗಿನಿಂದ ಕೂಡಲು ಜಾಗವಿರುತ್ತಿರಲಿಲ್ಲ.

ಹೀಗೆ ಎಂಟು ತಿಂಗಳು ಹೋದವು. ಸಂಕ್ರಾಂತಿ ಮುಗಿದ ವಾರ, ಮಧ್ಯಾಹ್ನ ಊಟಕ್ಕೆ ಕೂತಾಗ ಅಣವೀರಪ್ಪ ಅಂಗಿಯ ಜೇಬಿನಿಂದ ಒಂದು ಲಕೋಟೆ ತೆಗೆದ. ಸೂಗಮ್ಮ ಪುಂಡಿಪಲ್ಯ ಬಡಿಸುತ್ತಿದ್ದಳು.

"ನಮ್ಮ ಪ್ರೊಫೆಸರ್ ಸಾಹೇಬ್ರು ಬರದಾರ. ನನ್ನ ಜೋಡಿ ಓದಿದವರೆಲ್ಲ ಎಲ್ಲೆಲ್ಲಿ ಮುಟ್ಟ್ಯಾರ ನೋಡ್ರಿ. ಒಬ್ಬಾಂವ ಹೈಕೋರ್ಟಿನಾಗ ನಿಂತಾನ. ಒಬ್ಬಾಂವ ಲಂಡನ್ನಿಗಿ ಹೋಗ್ಯಾನ. ಇನ್ನೊಬ್ಬ ಯಾವುದೋ ಸಂಸ್ಥಾನಕ್ಕ ನ್ಯಾಯಾಧೀಶ ಆಗ್ಯಾನ."

"ಮತ್ತ ನಿನಗೇನಂತ ಬರದಾರ?" ಎಂದ ಕಲ್ಯಾಣಪ್ಪ.

"ಕಾಲೇಜಿನಾಗ ಕಲಸಾಕ ಕರದಾರ. ಜೂನಿನಿಂದ. ರೋಮನ್ ಕಾನೂನು."

"ರೋಮ್ ಅಂದ್ರ ಎಲ್ಲಿ ಬರ್ತದೋ ಅದು?"

"ಇಟಲಿ ದೇಶದಾಗ."

"ಆ ಊರ ಮಂದಿ ಮುಂಬಯಿಗಿ ಬಂದು ಫಿರ್ಯಾದ ಮಾಡ್ತಾರೇನು?"

ಶಾರದಾಬಾಯಿ ಕಿಸಕ್ಕನೆ ನಕ್ಕಳು. ಅಣವೀರಪ್ಪ ನಗಲಿಲ್ಲ. "ಇಲ್ಲಿ ಖಾಲಿ ಕೂತು ನೊಣ ಹೊಡಿಯೂದಕ್ಕಿಂತ ಅದು ಚಲೋ ಅಪ್ಪಾ. ಅಲ್ಲಿ ನನಗ ಮರ್ಯಾದಿ ಅದ."

"ಶಂಕ್ರಮ್ಮನ್ನ ಕರಕೊಂಡು ಹೋಗ್ತಿ?" ಸೂಗಮ್ಮ ಕೇಳಿದಳು.

"ಎರಡು ವರ್ಷ ಒಬ್ಬನೇ ಇರಬೇಕಾಗ್ತದವ್ವಾ. ಅಲ್ಲಿ ಸಂಸಾರಕ್ಕ ಮನಿ ಸಿಗೂದು ಕಷ್ಟ."

ಒಳಗೆ ಒಂದೇ ಸಮನೆ ಕೇಳುತ್ತಿದ್ದ ರೊಟ್ಟಿ ಬಡಿಯುವ ಸದ್ದು ನಿಂತಿತು. ಸೂಗಮ್ಮ ಪಲ್ಯದ ಪಾತ್ರೆಯನ್ನು ಮಗನ ತಾಟಿನ ಪಕ್ಕದಲ್ಲೇ ಕುಕ್ಕಿದಳು. "ಹನ್ನೊಂದು ವರ್ಷದವ ಇದ್ದಾಗ ನಿನ್ನ ಕಳಿಸೇನಿ. ದನಿ ಒಡದಿದ್ದು, ಮೀಸಿ ಬಂದಿದ್ದು, ಒಂದೂ ಈ ಕಣ್ಣೀಲೆ ನೋಡ್ಲಿಲ್ಲ. ಎಂಟು ತಿಂಗಳಾತು ಮಗ ಮನ್ಯಾಗ ಉಣ್ಣಾಕತ್ತು. ಇನ್ನ ನಾ ಕಳಸಂಗಿಲ್ಲ. ನಿಮ್ಮ ಸಾಹೇಬ್ರಿಗಿ ಬರಿ, ನಮ್ಮವ್ವ ಒಲ್ಲೆ ಅಂತಾಳ ಅಂತ."

"ಹಂಗ ಬರದ್ರ ನಗ್ತಾರವ್ವಾ."

"ನಗಲಿ. ನಾ ಏನು ಅವರ ಮಾರಿ ನೋಡಾಕ ಹೋಗ್ತೇನಿ?"

ಕಡೆಗೆ ಕಲ್ಯಾಣಪ್ಪ ನಡುವೆ ಬಾಯಿ ಹಾಕಿ ಒಂದು ಒಪ್ಪಂದ ಮಾಡಿಸಿದ. ಯುಗಾದಿ ಮುಗಿದ ಮೇಲೆ ಹೈದರಾಬಾದಿನಲ್ಲಿ ಸನದಿನ ಪರೀಕ್ಷೆ. ಕಚೇರಿಯ ಹಳೆಯ ಕಾಗದವೊಂದನ್ನು ಮುಂದಿಡುತ್ತಾರೆ, ಗಟ್ಟಿಯಾಗಿ ಓದಿ ಅರ್ಥ ಹೇಳಬೇಕು, ಉತ್ತರ ಬರೆಯಬೇಕು. ಅದರಲ್ಲಿ ಪಾಸಾದರೆ ಅಣವೀರಪ್ಪ ಇಲ್ಲೇ ಉಳಿಯಬೇಕು. ಇಲ್ಲದಿದ್ದರೆ ಮುಂಬಯಿಗೆ ಹೋಗಲು ಯಾರೂ ಅಡ್ಡ ಬರಬಾರದು.

"ಆಗೂದಿಲ್ಲ ಬಿಡ್ರಿ," ಎಂದ ಅಣವೀರಪ್ಪ. "ಛಾಪಿಸಿದ್ದು ಓದ್ತೇನಿ. ಗುಮಾಸ್ತರು ಬರದಿದ್ದು ನೋಡಿದ್ರ, ಇರಿವಿ ಮಸಿ ತುಳದು ಓಡಿ ಹೋದಂಗ ಕಾಣ್ತದ. ಆರು ತಿಂಗಳು ಉರ್ದು ಕಲಿಸಿ ಮುನ್ಷಿನೇ ಕೈ ಮುಗದು ಹೋಗ್ಯಾನ."

ಸೂಗಮ್ಮ ಅಂದಿನಿಂದ ದೇವರ ಮುಂದೆ ದೀಪಕ್ಕೆ ಎರಡು ಬತ್ತಿ ಹೆಚ್ಚಿಗೆ ಹಾಕಿದಳು. ಮಗನಿಗೆ ಉರ್ದು ಹತ್ತಲಿ ಎಂದು ಶರಣಬಸಪ್ಪನಲ್ಲೂ ಬೇಡಿಕೊಂಡಳು, ಬಂದೇನವಾಜರ ದರ್ಗಾಕ್ಕೂ ಸಕ್ಕರೆ ಕಳಿಸಿದಳು. ಉರ್ದುವಿನ ವಿಷಯ ದರ್ಗಾದಲ್ಲಿ ಬೇಗ ನಡೆಯಬಹುದೆಂದು ಅವಳ ಲೆಕ್ಕ.

ಹದಿನೈದು ದಿನ ಕಳೆದು ಒಂದು ಸೋಮವಾರ, ಕಲ್ಯಾಣಪ್ಪ ಕಮಲಾಪುರದಿಂದ ಬಂಡಿಯಲ್ಲಿ ಬಂದವನು ಗೊನೆಗಳನ್ನು ಇಳಿಸಿ, ರುಮಾಲಿನೊಳಗಿಂದ ಮಡಚಿದ ಕಾಗದವೊಂದನ್ನು ತೆಗೆದ. ತಹಸೀಲಿನ ಜವಾನ ತೋಟಕ್ಕೇ ಬಂದು ಕೊಟ್ಟು ಹೋಗಿದ್ದ. ಇಮಾಮುದ್ದೀನರ ಕೈಲಿ ಓದಿಸೋಣವೆಂದರೆ ಅವರು ಮೊಕದ್ದಮೆಯೊಂದಕ್ಕೆ ಹೈದರಾಬಾದಿಗೆ ಹೋಗಿದ್ದರು.

"ನೀರಿನ ಪಾಳಿದೇ ಇರಬೇಕು," ಎಂದು ಕಲ್ಯಾಣಪ್ಪ ಕಾಗದವನ್ನು ಊಟಕ್ಕೆ ಕೂತಿದ್ದ ಮಗನ ಕೈಗೆ ಕೊಟ್ಟ. "ಮ್ಯಾಲಿನ ತೋಟದಾಂವ ಮತ್ತ ಕಿತಾಪತಿ ಸುರು ಮಾಡ್ಯಾನ."

ಅಣವೀರಪ್ಪ ಕಾಗದವನ್ನು ದೂರ ಹಿಡಿದ, ಹತ್ತಿರ ಹಿಡಿದ. ಓದಲು ಆಗದ್ದಕ್ಕೆ ಭಾಷಣ ಶುರುಮಾಡಿದ. ಹರಿಯುವ ನೀರು ಯಾರೊಬ್ಬರ ಸೊತ್ತೂ ಅಲ್ಲ, ಹೀಗೆಂದು ರೋಮಿನವರು ಎರಡು ಸಾವಿರ ವರ್ಷದ ಹಿಂದೆಯೇ ಹೇಳಿದ್ದಾರೆ, ವಿಲಾಯತಿಯ ಕೋರ್ಟುಗಳೂ ಅದನ್ನೇ ಒಪ್ಪಿವೆ. ಕಲ್ಯಾಣಪ್ಪ ಪೂರ್ತಿ ಕೇಳಿದ. "ಭಾಳ ಚಂದ ಹೇಳ್ದಿ. ತಾರೀಖು ಯಾವುದದ?"

ಮಗ ಕಾಗದವನ್ನು ರೊಟ್ಟಿ ಬುಟ್ಟಿಯ ಪಕ್ಕ ಇಟ್ಟು ಕೈ ತೊಳೆಯಲು ಎದ್ದ. "ಇರಲಿ ತಗೋ, ವಕೀಲರು ಬಂದ ಮ್ಯಾಲ ಓದಸ್ತೇನಿ," ಎಂದ ಕಲ್ಯಾಣಪ್ಪ. "ನಾಳಿ ಕಮಲಾಪುರಕ್ಕ ಹೋಗಿ ಮುಂದಿನ ಸೋಮಾರ ಬರ್ತೇನಿ."

ಆಗ ಸೂಗಮ್ಮ ನೋಡಿದಳು. ಬಿಸಿ ರೊಟ್ಟಿ ಇಡಲು ಬಗ್ಗಿದ ಶಂಕ್ರಮ್ಮ ಬಗ್ಗಿದವಳು ಬಗ್ಗಿದಂತೇ ಇದ್ದಳು. ಅವಳ ಕಣ್ಣು ಕಾಗದದ ಮೇಲೆ ಬಲದಿಂದ ಎಡಕ್ಕೆ ಸರಿಯುತ್ತಿತ್ತು, ತುಟಿ ಅಲುಗುತ್ತಿತ್ತು.

"ಮಾವಾ, ನಾಳಿ ಹೋಗಬ್ಯಾಡ್ರಿ," ಎಂದಳು ತಲೆ ಎತ್ತದೆ. "ನಾಡದ ಬುಧವಾರಕ್ಕ ಕರದಾರ. ಮುಂಜಾನಿ ಹತ್ತಕ್ಕ, ತಹಸೀಲಿಗಿ. ಬರದಿದ್ರ ಮ್ಯಾಲಿನ ತೋಟದವರು ಹೇಳಿದ್ದೇ ಖರೆ ಅಂತ ತೀರ್ಮಾನ ಮಾಡ್ತೀವಿ ಅಂತ ಬರದಾರ."

ಅಣವೀರಪ್ಪ ತೊಳೆದ ಕೈ ಒರೆಸುವುದನ್ನೂ ಮರೆತು ನಿಂತ.

"ನಿನಗ ಓದಾಕ ಬರ್ತದೇನು?" ಸೂಗಮ್ಮನ ದನಿ ತಾನೇ ತಾನಾಗಿ ಏರಿತು.

"ಬರ್ತದ್ರಿ ಅತ್ತಿ. ಅಪ್ಪಗ ಸಣ್ಣ ಅಕ್ಷರ ಕಾಣ್ತಿರಲಿಲ್ಲ. ಕಚೇರಿ ಕಾಗದ ಮನಿಗಿ ತರ್ತಿದ್ರು. ನಾ ಓದಿ ಹೇಳ್ತಿದ್ದೆ, ಅವರು ನಕಲು ಬರೀತಿದ್ರು. ಎಂಟು ವರ್ಷದಾಕಿ ಇದ್ದಾಗಿಂದ."

"ಆರು ವರ್ಷ ನನ್ನ ಮನ್ಯಾಗ ಬಾಯಿ ಹೊಲಕೊಂಡು ಕೂತಿದ್ದಿ?"

"ಅವ್ವ ಆಣಿ ಹಾಕ್ಸಿದ್ಳ್ರಿ. ನೀವು ಎದ್ದು ಹೋಗ್ತೀರಿ ಅಂತ ಹೆದರಿದ್ಳು."

ಸೂಗಮ್ಮನಿಗೆ ಆ ಕೆಮ್ಮು ನೆನಪಾಯಿತು. ಮೈಯೆಲ್ಲ ಉರಿದುಹೋಯಿತು. ಮೋಸ ಹೋದದ್ದಕ್ಕಿಂತ, ಎರಡನೆಯ ಸಲ ಸುಸಲಾ ಹಾಕಿಸಿಕೊಂಡು ಮೋಸ ಹೋದೆನಲ್ಲ ಎಂಬುದು ಅವಳಿಗೆ ಹೆಚ್ಚು ನಾಚಿಕೆ. ಸೊಸೆಯ ಕೈಯಿಂದ ಹಿಟ್ಟಿನ ಪರಾತ ಕಸಿದುಕೊಂಡು, "ನೀ ಓದ್ಕೋತ ಕೂಡವ್ವಾ, ರೊಟ್ಟಿ ನಾ ಬಡೀತೇನಿ," ಎಂದು ಒಲೆ ಮುಂದೆ ತಾನೇ ಕೂತಳು.

ಮೂರು ದಿನ ಆ ಮನೆಯಲ್ಲಿ ಅತ್ತೆ ಸೊಸೆಗೆ ಮಾತಿಲ್ಲ. ಆರು ವರ್ಷ ರೊಟ್ಟಿ ಬಡಿಯದ ಸೂಗಮ್ಮನ ಕೈ ಭಾರವಾಗಿತ್ತು. "ಅವ್ವಾ, ಇದು ರೊಟ್ಟೋ, ಬಂಡೀ ಗಾಲಿಯೋ?" ಎಂದು ಶಾರದಾಬಾಯಿ ಕೇಳಿ ಬೆನ್ನಿಗೆ ಒಂದು ಗುದ್ದು ತಿಂದಳು. ಬುಧವಾರ ಕಲ್ಯಾಣಪ್ಪ ಸರಿಯಾಗಿ ಹತ್ತಕ್ಕೆ ತಹಸೀಲಿಗೆ ಹೋದ. ಅವನು ಬರುವುದಿಲ್ಲವೆಂದು ನಂಬಿ ಕೂತಿದ್ದ ಮೇಲಿನ ತೋಟದವನ ಮುಖ ಇಷ್ಟೇ ಆಯಿತು. ನೀರಿನ ಪಾಳಿ ಹಿಂದಿನಂತೆಯೇ ಉಳಿಯಿತು. ಕಲ್ಯಾಣಪ್ಪ ಮನೆಗೆ ಬಂದವನೇ ಆರಿಸಿಟ್ಟಿದ್ದ ಬಾಳೆಹಣ್ಣಿನ ಚಿಪ್ಪನ್ನು ತಂದು, ಹೆಂಡತಿಯನ್ನು ದಾಟಿ ಹೋಗಿ, ಸೊಸೆಯ ಮುಂದಿಟ್ಟ.

"ನನಗ ಇಡಬೇಕಾದ್ದು ಅಕಿಗಿ ಯಾಕ?" ಎಂದಳು ಸೂಗಮ್ಮ.

"ವಕೀಲರ ಫೀಸು," ಎಂದ ಕಲ್ಯಾಣಪ್ಪ.

ಆ ಸಂಜೆ ಹಿತ್ತಲ ಗೋಡೆಯ ಆಚೆಯಿಂದ ಅಕ್ಬರಿ ಬೇಗಂ ಕರೆದಳು. ಇಮಾಮುದ್ದೀನ್ ವಕೀಲರ ಹೆಂಡತಿ. ಗೋಡೆಯ ಒಂದು ಕಲ್ಲು ಬಿದ್ದ ಕಿಂಡಿಯಲ್ಲಿ ಇಬ್ಬರೂ ದಿನಾ ಒಂದು ಗಳಿಗೆ ಮುಖ ನೋಡುತ್ತಿದ್ದರು. ಈಚೆಯಿಂದ ಬಾಳೆಹಣ್ಣು ಆಚೆ ಹೋಗುತ್ತಿತ್ತು, ಆಚೆಯಿಂದ ಸೀತಾಫಲ ಈಚೆ ಬರುತ್ತಿತ್ತು. ಸೂಗಮ್ಮ ಒಂದೇ ಉಸಿರಿಗೆ ತನ್ನ ದುಃಖವನ್ನೆಲ್ಲ ತೋಡಿಕೊಂಡಳು.

"ಸೂಗಮ್ಮಾ, ನಿಮಗ ಅಕಲ್ ಅದ ಏನಿಲ್ಲ?" ಎಂದಳು ಅಕ್ಬರಿ ಬೇಗಂ. "ನಮ್ಮವ್ರು ಪರೀಕ್ಷಾ ಪಾಸಾಗಾಕ ಒಬ್ಬ ನಕಲು ಬರಿಯೋ ಮುದುಕನ ಮನಿಗಿ ಎರಡು ವರ್ಷ ತಿರುಗ್ಯಾರ. ಅಂಥಾ ಉಸ್ತಾದ್ ನಿಮ್ಮ ಒಲಿ ಮುಂದ ಕೂತಾಳ. ನೀವು ಮಾತು ಬಿಟ್ಟು ಕೂತೀರಿ!"

"ಸುಳ್ಳು ಹೇಳಿ ಬಂದಾಳ."

"ಸುಳ್ಳು ದೊಡ್ಡದೋ, ಮಗ ದೊಡ್ಡಾಂವೋ?"

ಸೂಗಮ್ಮ ಒಳಗೆ ಬಂದು ಕಂಬಕ್ಕೆ ಒರಗಿ ಕೂತಳು. ಪಡಸಾಲೆಯ ಮೂಲೆಯಲ್ಲಿ ಮಗನ ಮುಂಬಯಿಯ ಟ್ರಂಕು ಕಾಣುತ್ತಿತ್ತು. ಅದರ ಮೇಲಿನ ಧೂಳನ್ನು ಅವನು ನಿನ್ನೆಯೇ ಒರೆಸಿಟ್ಟಿದ್ದ. ಅದನ್ನು ನೋಡಿದವಳೇ ಎದ್ದು ಪರಾತವನ್ನು ತೆಗೆದುಕೊಂಡು ಹೋಗಿ ಶಂಕ್ರಮ್ಮನ ಮುಂದಿಟ್ಟಳು. "ಹಿಡಿ. ನಾಳಿ ಮುಂಜಾನಿಂದ ನಿನ್ನ ಗಂಡಗ ಕಲಸು. ಅವ ಮುಂಬಯಿಗಿ ಹೋದ್ರ ನಿನಗೂ ಗಂಡ ಇಲ್ಲ, ನನಗೂ ಮಗ ಇಲ್ಲ."

ಶಂಕ್ರಮ್ಮ ಪರಾತ ಹಿಡಿದುಕೊಂಡೇ ಅತ್ತಳು. "ನಾ ಮೊದಲೇ ಹೇಳಬೇಕಿತ್ತು ಅತ್ತಿ."

"ಹೇಳಿದ್ರ ನಾ ಎದ್ದು ಹೋಗ್ತಿದ್ದೆ. ನಿಮ್ಮವ್ವ ಶಾಣ್ಯಾಕಿ," ಎಂದಳು ಸೂಗಮ್ಮ, ಮೂಗು ಮುರಿಯುತ್ತಲೇ.

ಮಗನನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. ಮುಂಬಯಿಯ ಪ್ರೊಫೆಸರರ ಶಿಷ್ಯ ಹೆಂಡತಿಯ ಹತ್ತಿರ ಪಾಠ ಹೇಳಿಸಿಕೊಳ್ಳುವುದೇ ಎಂದು ಬಿಗುಮಾನ.

"ಅಡಗಿಮನ್ಯಾಗ ಕೂತು ಕಲೀಲೇನು? ಮಂದಿ ಏನಂದಾರು?"

"ಮಂದಿಗಿ ಕಾಣದಂಗ ಹೊಚ್ಚಲದಾಗ ನಾ ಕೂಡ್ತೇನಿ," ಎಂದಳು ಸೂಗಮ್ಮ. "ನಿಮ್ಮ ಸಾಹೇಬ್ರು ಎಷ್ಟೇ ದೊಡ್ಡವರಿರಲಿ, ನಿನ್ನ ನನ್ನ ಮನಿಯಿಂದ ಕರಕೊಂಡು ಹೋಗಾಕ ನಿಂತಾರ. ಇಕಿ ಉಳಿಸಿಕೊಳ್ಳಾಕ ನಿಂತಾಳ. ನನಗ ಯಾರು ದೊಡ್ಡವರು ನೀನೇ ಹೇಳು."

ಹಾಗೆ ಶಾಲೆ ಶುರುವಾಯಿತು. ಬೆಳಗ್ಗೆ ಒಲೆಯ ಒಂದು ಕಡೆ ಶಂಕ್ರಮ್ಮ, ಇನ್ನೊಂದು ಕಡೆ ಮಣೆಯ ಮೇಲೆ ಅಣವೀರಪ್ಪ, ಹೊಸ್ತಿಲಲ್ಲಿ ಬೇಳೆಯ ಮೊರ ಹಿಡಿದು ಸೂಗಮ್ಮ. ಕೋಟನೂರದಿಂದ ಸಾಯಬಣ್ಣ ತನ್ನ ಹಳೆಯ ಕರಡುಗಳ ಗಂಟನ್ನೇ ಕಳಿಸಿಕೊಟ್ಟ. ಶಂಕ್ರಮ್ಮ ಪರಾತದ ಹಿಟ್ಟಿನಲ್ಲಿ ಬೆರಳಿನಿಂದ ಬರೆದು ತೋರಿಸುವಳು, ಅಳಿಸಿ ರೊಟ್ಟಿ ಬಡಿಯುವಳು.

"ಅಕ್ಷರ ಹುಡಕಬ್ಯಾಡ್ರಿ. ಗುಮಾಸ್ತನ ಕೈ ನೋಡ್ರಿ," ಎನ್ನುವಳು. "ಇವ ಹುಕ್ಕಾ ಸೇದ್ಕೋತ ಬರದಾನ, ಕಲಮು ಎತ್ತೇ ಇಲ್ಲ. ಇವಗ ಮನಿಗಿ ಹೋಗೂ ಅವಸರ, ಸಾಲಿನ ಕಡೀಗಿ ಎಲ್ಲಾ ಒಂದರ ಮ್ಯಾಲ ಒಂದು ಒಟ್ಟ್ಯಾನ. ಇವ ಚುಕ್ಕಿ ಇಡೂದ್ರಾಗ ಜಿಪುಣ."

"ಹೈದರಾಬಾದಿನಾಗ ಬ್ಯಾರೆ ಗುಮಾಸ್ತರು ಇರ್ತಾರಲ್ಲ?"

"ಕೈ ಬ್ಯಾರೆ ಇರ್ತಾವ. ಚಾಳಿ ಇವೇ ಇರ್ತಾವ."

ಒಂದು ಪುಟ ತಪ್ಪಿಲ್ಲದೆ ಓದಿದರೆ ತುಪ್ಪ ಸವರಿದ ಬಿಸಿ ರೊಟ್ಟಿ ಅವನ ತಾಟಿಗೆ. ತಪ್ಪಿದರೆ ಆ ರೊಟ್ಟಿ ಶಾರದಾಬಾಯಿಗೆ. ಮೊದಲ ತಿಂಗಳು ಅಣ್ಣನ ತಪ್ಪಿನಿಂದ ತಂಗಿಯ ಕೆನ್ನೆ ತುಂಬಿಕೊಂಡವು. ರೊಟ್ಟಿಗೆ ಕಾದು ಕೂತು ಕೂತು, ಅಣ್ಣ ಎಡವಿದ ಸಾಲನ್ನು ಅವಳೇ ಬಾಯಿತಪ್ಪಿ ಓದಿ ಹೇಳುವಂತಾದಳು. ಸೂಗಮ್ಮ ಅದನ್ನು ಕೇಳಿಸಿಕೊಂಡೂ ಕೇಳಿಸದವಳಂತೆ ಬೇಳೆ ಆರಿಸಿದಳು.

ಒಂದು ದಿನ ಸತತವಾಗಿ ಮೂರು ರೊಟ್ಟಿ ಕೈತಪ್ಪಿ ಹೋದಾಗ ಅಣವೀರಪ್ಪ ಸಿಡಿದ. "ನಮ್ಮ ಪ್ರೊಫೆಸರ್ ಹಿಂಗ ಉಪವಾಸ ಕೆಡವಿ ಕಲಸ್ತಿರಲಿಲ್ಲ!"

"ಹ್ಯಾಂಗ ಕಲಸ್ತಿದ್ರು?"

"ಪ್ರಶ್ನೆ ಕೇಳ್ತಿದ್ರು. ಒಬ್ಬನ ಗಿಡದ ಹಣ್ಣು ಮಗ್ಗಲದವನ ಹಿತ್ತಲದಾಗ ಬೀಳ್ತಾವ. ಅವು ಯಾರವು? ಬುದ್ಧಿ ಓಡಸ್ರಿ, ಅಂತಿದ್ರು."

ಶಂಕ್ರಮ್ಮ ರೊಟ್ಟಿ ತಿರುವಿ ಹಾಕಿದಳು. "ನಮ್ಮ ಹಣ್ಣು ಅಕ್ಬರಿ ಬೇಗಂ ತಿಂತಾರ, ಅವರ ಸೀತಾಫಲ ನಾವು ತಿಂತೀವಿ. ಇದಕ್ಕ ಬುದ್ಧಿ ಯಾಕ ಓಡಸಬೇಕು?"

"ರೋಮಿನ ಕಾನೂನಿನಾಗ ಗಿಡದ ಮಾಲಕ ದಿನಾ ಬಿಟ್ಟು ದಿನಾ ಮಗ್ಗಲ ಮನಿಗಿ ಹೋಗಿ ಹಣ್ಣು ಆರಿಸಿಕೊಂಡು ಬರಬಹುದು."

"ಅಯ್ಯ, ಎಂಥಾ ಜಿಪುಣ ಮಂದಿ!" ಎಂದಳು ಹೊಸ್ತಿಲಲ್ಲಿದ್ದ ಸೂಗಮ್ಮ. "ಅಂಥವರ ಕಾನೂನು ಕಲಿಯಾಕ ನಾವು ಮುಂಬಯಿಗಿ ಕಳಿಸಿದ್ವಿ!" ಅಣವೀರಪ್ಪನಿಗೆ ಸಿಟ್ಟು ಇಳಿದು ನಗು ಬಂತು. ಆ ಪುಟವನ್ನು ಮತ್ತೆ ಮೊದಲಿನಿಂದ ಓದಿದ. ನಾಲ್ಕನೆಯ ರೊಟ್ಟಿ ಅವನ ತಾಟಿಗೆ ಬಿತ್ತು.

ಇಮಾಮುದ್ದೀನರೂ ಕಟ್ಟೆಯ ಮೇಲೆ ಕೂರಿಸಿಕೊಂಡು ಸಂಜೆ ಹೊತ್ತು ಅವನಿಂದ ವಾದ ಹೇಳಿಸಿದರು. "ಮಿಯಾ, ಕಾನೂನು ನೀವು ನನಗಿಂತ ಛಲೋ ಬಲ್ರಿ. ಖರೆ ಹೇಳ್ತೇನಿ, ನೀವು ಸನದು ತಗೊಂಡ್ರ ನನ್ನ ಕಟ್ಟಿ ಅರ್ಧ ಖಾಲಿ ಆಗ್ತದ. ಆದ್ರ ಏನ್ ಮಾಡೂದು, ನಮ್ಮ ಬೇಗಂ ನನಗ ಹುಕುಂ ಮಾಡ್ಯಾಳ," ಎಂದು ನಕ್ಕರು. ಯುಗಾದಿಯ ಬೇವು ಬೆಲ್ಲ ತಿಂದು ನಾಲ್ಕು ದಿನಕ್ಕೆ ಅಣವೀರಪ್ಪ ಹೈದರಾಬಾದಿನ ರೈಲು ಹತ್ತಿದ. ಪರೀಕ್ಷೆ ಬರೆದು ಬಂದವನು ಹೇಗಾಯಿತೆಂದು ಬಾಯಿಬಿಡಲಿಲ್ಲ. ಟ್ರಂಕು ಮೂಲೆಯಲ್ಲಿ ಇದ್ದಲ್ಲೇ ಇತ್ತು. ಸೂಗಮ್ಮ ಕಸ ಗುಡಿಸುವಾಗಲೆಲ್ಲ ಅದನ್ನು ಪೊರಕೆಯಿಂದ ಒಮ್ಮೆ ಕುಟ್ಟಿ ಮುಂದೆ ಹೋಗುತ್ತಿದ್ದಳು.

ಬಿಸಿಲು ಏರಿದ ಒಂದು ಮಧ್ಯಾಹ್ನ ಅಂಚೆಯವನು ಬಂದ. ಗಂಡಸರಿಬ್ಬರೂ ತೋಟಕ್ಕೆಂದು ಕಮಲಾಪುರಕ್ಕೆ ಹೋಗಿದ್ದರು. ಲಕೋಟೆಯ ಮೇಲೆ ಸರಕಾರಿ ಮೊಹರು, ವಿಳಾಸ ಉರ್ದುವಿನಲ್ಲಿ. ಹಿಂದಿನ ಸೂಗಮ್ಮನಾದರೆ ಗಂಡಸರು ಬರುವವರೆಗೆ ಅದನ್ನು ದೇವರ ಮುಂದೆ ಇಡುತ್ತಿದ್ದಳು. ಈ ಸೂಗಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸೀದಾ ಅಡುಗೆಮನೆಗೆ ಹೋದಳು.

"ಓದವ್ವಾ," ಎಂದಳು.

ಶಂಕ್ರಮ್ಮ ಕೈ ಒರೆಸಿಕೊಂಡು ಬಿಡಿಸಿದಳು. ಕಣ್ಣು ಬಲದಿಂದ ಎಡಕ್ಕೆ ಹೋಯಿತು, ಕೆಳಗೆ ಇಳಿಯಿತು, ಮತ್ತೆ ಮೇಲಕ್ಕೆ ಹೋಯಿತು.

"ಏನದವ್ವಾ? ಜೀವ ತಿನಬ್ಯಾಡ!"

"ಟ್ರಂಕಿನಾಗ ಜ್ವಾಳ ತುಂಬಿಡೂನೇನ್ರಿ ಅತ್ತಿ?" ಎಂದಳು ಶಂಕ್ರಮ್ಮ. ಕಣ್ಣಲ್ಲಿ ನೀರು, ಮುಖದ ತುಂಬ ನಗು. "ಇನ್ನ ಅದು ಬ್ಯಾರೆ ಯಾವುದಕ್ಕೂ ಬರಂಗಿಲ್ಲ."

ಸೂಗಮ್ಮ ಸೊಸೆಯನ್ನು ಅಪ್ಪಿಕೊಂಡಳು. ಹಿಟ್ಟಿನ ಕೈಯೋ, ಕಣ್ಣೀರಿನ ಮುಖವೋ, ಇಬ್ಬರ ಸೀರೆಯೂ ರಾಡಿಯಾಯಿತು. ಆಮೇಲೆ ಕಿಂಡಿಯ ಹತ್ತಿರ ಓಡಿಹೋಗಿ ಬೀದಿಗೆಲ್ಲ ಕೇಳುವಂತೆ ಅಕ್ಬರಿ ಬೇಗಂಳನ್ನು ಕೂಗಿದಳು.

ಅಣವೀರಪ್ಪ ಪ್ರೊಫೆಸರರಿಗೆ ತಾನು ಬರಲಾಗದೆಂದು ಬರೆದ, ಆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ತಿಳಿಸಿದ. ಹದಿನೈದು ದಿನಕ್ಕೆ ಮರು ಉತ್ತರ ಬಂತು. ಊಟದ ಹೊತ್ತಿನಲ್ಲೇ ಓದಿ ಹೇಳಿದ: ನಾನು ಮೂವತ್ತು ವರ್ಷದಿಂದ ಕಾನೂನು ಕಲಿಸುತ್ತಿದ್ದೇನೆ, ಇಷ್ಟು ಬೇಗ ಯಾರನ್ನೂ ಪಾಸು ಮಾಡಿಸಿದ್ದಿಲ್ಲ, ಆ ಗುರುವನ್ನು ನಮ್ಮ ಕಾಲೇಜಿಗೆ ಕಳಿಸಲು ಸಾಧ್ಯವೇ?

"ಕಳಸಂಗಿಲ್ಲ ಅಂತ ಬರಿ!" ಎಂದಳು ಸೂಗಮ್ಮ. "ಆ ಮನಿಷಾಗ ನನ್ನ ಮನಿ ಮ್ಯಾಲೇ ಯಾಕ ಕಣ್ಣು?" ಕಲ್ಯಾಣಪ್ಪನಿಗೆ ನಕ್ಕು ನಕ್ಕು ನೆತ್ತಿಗೆ ಹತ್ತಿತು.

ದಸರಾದ ಹೊತ್ತಿಗೆ ಬಾಗಿಲ ಹಲಗೆಯ ಮೇಲೆ ಉರ್ದುವಿನಲ್ಲೂ ಕನ್ನಡದಲ್ಲೂ ಹೆಸರು ಬಂತು, ಕಟ್ಟೆಯ ಮೇಲೆ ಚಪ್ಪಲಿ ಸಾಲುಗಟ್ಟಿದವು. ಚಪ್ಪಲಿ ಕೈಯಲ್ಲಿ ಹಿಡಿದು ಯಾರೂ ಕಾಯಬಾರದೆಂದು ಕಲ್ಯಾಣಪ್ಪ ಅಲ್ಲಿ ಒಂದು ಹಲಗೆಯ ಗೂಡನ್ನೇ ಮಾಡಿಸಿದ.

ದೀಪಾವಳಿ ಕಳೆದ ಮೇಲೆ ಆಳಂದದ ಲಲಿತಾಬಾಯಿ ತನ್ನ ಮಗನಿಗೆ ಶಾರದಾಬಾಯಿಯನ್ನು ನೋಡಲು ಬಂದಳು. ಹುಡುಗ ಪುಣೆಯಲ್ಲಿ ಕಾನೂನು ಓದಿ ಬಂದವನು, ಸನದು ಇನ್ನೂ ಸಿಕ್ಕಿರಲಿಲ್ಲ. ಕೋಟು ಹಾಕಿಕೊಂಡು, ಕೈಯಲ್ಲಿ ಕೊಡೆ ಹಿಡಿದು, ಯಾಕೋ ಕಳೆಗುಂದಿ ಕೂತಿದ್ದ. ಸುಸಲಾ ಬಂತು. ಲಲಿತಾಬಾಯಿ ರೊಟ್ಟಿಯ ವಿಷಯ ಕೇಳಿದಳು, ಸಿಟ್ಟಿನ ವಿಷಯ ಕೇಳಿದಳು. ಎರಡಕ್ಕೂ ಸೂಗಮ್ಮ ಸಲೀಸಾಗಿ ಉತ್ತರ ಕೊಟ್ಟಳು.

"ಇನ್ನೊಂದು ಕೇಳ್ತೇನಿ, ತಪ್ಪ ತಿಳಕೋಬ್ಯಾಡ್ರಿ," ಎಂದಳು ಲಲಿತಾಬಾಯಿ. "ಹುಡುಗಿಗಿ ಓದುಬರಹ ಏನರ ಬರ್ತದೇನ್ರಿ? ನಮಗ ಅದೆಲ್ಲ ಸರಿ ಬರಂಗಿಲ್ಲ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸೊಸೆ ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿದ್ದಾಳೆಂದು ಸೂಗಮ್ಮನಿಗೆ ನೋಡದೆಯೂ ಗೊತ್ತಾಯಿತು. ಉತ್ತರ ನಾಲಿಗೆಯ ಮೇಲೇ ಇತ್ತು. ರೊಟ್ಟಿ ಬಡಿಯುವುದು ಬಿಟ್ಟರೆ ಮತ್ತೇನೂ ಬರುವುದಿಲ್ಲ ಎಂದರೆ ಮುಗಿಯಿತು. ಮಗಳಿಗೆ ಒಳ್ಳೆಯ ಮನೆ, ವಕೀಲ ಗಂಡ. ಕಲ್ಯಾಣಪ್ಪನಿಗೆ ಆಗಲೇ ಜೋರು ಕೆಮ್ಮು ಬಂದಿತ್ತು.

"ಬರ್ತದ್ರಿ," ಎಂದಳು ಸೂಗಮ್ಮ. "ಕನ್ನಡ ಬರ್ತದ, ಉರ್ದು ಬರ್ತದ, ಕಚೇರಿ ಕಾಗದ ಗಡಗಡ ಓದ್ತಾಳ. ಅಕಿ ವೈನಿ, ನನ್ನ ಸೊಸಿ, ಕಲಿಸ್ಯಾಳ."

ಲಲಿತಾಬಾಯಿ ತಾಟು ಸರಿಸಿ ಎದ್ದಳು.

"ಏಳ್ರಿ, ನಾ ತಡಿಯಂಗಿಲ್ಲ," ಎಂದಳು ಸೂಗಮ್ಮ. "ನಾನೂ ಏಳು ಮನ್ಯಾಗ ಹಿಂಗೇ ಎದ್ದೀನಿ. ಎಂಟನೇ ಮನ್ಯಾಗ ನನಗ ಸುಳ್ಳು ಹೇಳಿ ಕೂಡ್ಸಿದ್ರು. ಆ ಸುಳ್ಳಿನಿಂದ ನನ್ನ ಮಗ ನನ್ನ ಮನ್ಯಾಗ ಉಳದಾನ. ಆದ್ರ ಆರು ವರ್ಷ ಒಂದು ಹುಡುಗಿ ನನ್ನ ಮನ್ಯಾಗ ಬಾಯಿ ಹೊಲಕೊಂಡು ಇದ್ಳು. ನನ್ನ ಮಗಳು ಹಂಗ ಇರಬಾರದು."

ಲಲಿತಾಬಾಯಿ ಮಗನ ಕಡೆ ತಿರುಗಿದಳು, ಹೋಗೋಣವೆಂಬಂತೆ. ಹುಡುಗ ಏಳಲಿಲ್ಲ. ಅವನ ಕಣ್ಣು ಅಡುಗೆಮನೆಯ ಬಾಗಿಲಿನ ಮೇಲಿತ್ತು. "ಅವ್ವಾ, ಕೂಡು," ಎಂದ ಮೆಲ್ಲಗೆ. ಲಲಿತಾಬಾಯಿ ಅವನ ಮುಖ ನೋಡಿದಳು, ಸೂಗಮ್ಮನ ಮುಖ ನೋಡಿದಳು, ಕೂತು ತಾಟನ್ನು ಮತ್ತೆ ಎಳೆದುಕೊಂಡಳು. ಒಳಗೆ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.

ಸೂಗಮ್ಮ ಅವಳಿಗೆ ಇನ್ನೊಂದು ಹಿಡಿ ಸುಸಲಾ ಹಾಕಿದಳು. "ಈಗ ನಂದೂ ಒಂದು ಪ್ರಶ್ನೆ ಅದ್ರಿ," ಎಂದಳು. "ನಿಮ್ಮ ಹುಡುಗಗ ಓದಾಕ ಬರ್ತದೇನ್ರಿ?"

ಪುಣೆಯ ವಕೀಲ ತಲೆ ತಗ್ಗಿಸಿದ. "ಕಲೀತೇನ್ರಿ," ಎಂದ.